ಏನೂ ಗೊತ್ತಿಲ್ಲದ ಕ್ಯಾಮೆರಾ

ಆಕಾಶದಲ್ಲಿ ಕನ್ನಡಿಗಳು ಬಂದ ಮೇಲೆ ಇಡೀ ಗದಗಿನಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಫೋಟೋ ಸ್ಟುಡಿಯೋದ ಈರಸಂಗಪ್ಪ ಹೊಂಬಳ. ಅವನಿಗೆ ಹುಟ್ಟಿನಿಂದಲೇ ಇರುಳುಗಣ್ಣು. ಹಗಲಿನಲ್ಲಿ ಮದುಮಗಳ ಹುಬ್ಬಿನ ಒಂದು ಕೂದಲು ಆಚೀಚೆಯಾದರೂ ಹಿಡಿಯುವ ಕಣ್ಣು, ಹೊತ್ತು ಮುಳುಗಿತೆಂದರೆ ಮನೆಯ ಹೊಸ್ತಿಲನ್ನೂ ಕಾಣುತ್ತಿರಲಿಲ್ಲ. ಸಂಜೆಯಾದ ಮೇಲೆ ಅವನು ಹೆಂಡತಿಯ ತೋಳು ಹಿಡಿಯದೆ ಓಣಿ ದಾಟಿದ್ದೇ ಇರಲಿಲ್ಲ.

ಕನ್ನಡಿಗಳನ್ನು ಹಾರಿಸಿದ್ದು ಅವನಿಗಾಗಿ ಅಲ್ಲ, ಬಿಡಿ. ಭೂಮಿಯ ನೆರಳು ಮುಟ್ಟದಷ್ಟು ಎತ್ತರದಲ್ಲಿ ನಿಂತು, ಮುಳುಗಿದ ಸೂರ್ಯನ ಬೆಳಕನ್ನು ಹಿಡಿದು, ಕಪ್ಪತಗುಡ್ಡದ ಆಚೆಗಿನ ಸೌರ ವಿದ್ಯುತ್ ಘಟಕದ ಮೇಲೆ ಚೆಲ್ಲುವುದು ಅವುಗಳ ಕೆಲಸ. ಹಾಗೆ ಚೆಲ್ಲುವಾಗ ಅಂಚಿನಲ್ಲಿ ಸೋರಿದ್ದು ಊರಿಗೆ ಬೀಳುತ್ತಿತ್ತು. ಅಷ್ಟಕ್ಕೇ ಊರಿನ ದಿನಚರಿ ಬದಲಾಯಿತು. ಹುಡುಗರು ಊಟದ ಹೊತ್ತು ಮೀರಿದರೂ ಮೈದಾನ ಬಿಡಲೊಲ್ಲರು. ಕೋಳಿಗಳು ಗೂಡಿಗೆ ಹೋಗಬೇಕೋ ಬೇಡವೋ ತಿಳಿಯದೆ ಅಂಗಳದಲ್ಲಿ ನಿಂತೇ ತೂಕಡಿಸಿದವು. ಮಲಗುವ ಕೋಣೆಗಳಿಗೆಲ್ಲ ಕರಿಪರದೆ ಬಂತು. ಈರಸಂಗಪ್ಪ ಮಾತ್ರ ಐವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಸಂಜೆ ಹೊತ್ತು ಒಬ್ಬನೇ ಕಾಯಿಪಲ್ಲೆ ಸಂತೆಗೆ ಹೋಗಿ, ಚೀಲ ತುಂಬ ಬದನೇಕಾಯಿ ಹೊತ್ತು ತಂದ.

"ಇದೇನ್ರಿ, ಇಷ್ಟು ಬದನಿಕಾಯಿ?" ಎಂದಳು ಹೆಂಡತಿ ನೀಲಾಂಬಿಕಾ.

"ಕಂಡ್ವು, ತಂದೆ," ಎಂದ ಅವನು.

ಆ ವಾರವೆಲ್ಲ ಎಣಗಾಯಿ ತಿಂದರೂ ನೀಲಾಂಬಿಕಾಗೆ ಬೇಸರವಾಗಲಿಲ್ಲ. ಆದರೆ ಅವಳ ಸಂತೋಷದೊಳಗೆ ಒಂದು ಮುಳ್ಳಿತ್ತು. ಆ ಕನ್ನಡಿಗಳನ್ನು ತಿರುಗಿಸುವವರಲ್ಲಿ ಅವಳೂ ಒಬ್ಬಳು. ಊರ ಹೊರಗಿನ ಕನ್ನಡಿ ನಿಯಂತ್ರಣ ಕೇಂದ್ರದಲ್ಲಿ ಅವಳು ಪಾಳಿಯ ಎಂಜಿನಿಯರ್. ಚಿಕ್ಕಂದಿನಲ್ಲಿ ಮಾಳಿಗೆಯ ಮೇಲೆ ಮಲಗಿ ಚುಕ್ಕಿ ನೋಡುತ್ತಲೇ ಬೆಳೆದವಳು, ಕಾಲೇಜಿನಲ್ಲಿ ಬಹುಮಾನವಾಗಿ ಬಂದ ಪುಟ್ಟ ದುರ್ಬೀನನ್ನು ತವರಿನಿಂದ ಗಂಡನ ಮನೆಗೆ ಬಂಗಾರದಂತೆ ಜೋಪಾನವಾಗಿ ತಂದವಳು, ಈಗ ತನ್ನ ಕೈಯಾರೆ ಆಕಾಶಕ್ಕೆ ಸುಣ್ಣ ಬಳಿಯುತ್ತಿದ್ದಳು. ಗುರು, ಶುಕ್ರ, ಮತ್ತೆ ಬೆರಳಲ್ಲಿ ಎಣಿಸುವಷ್ಟು ಚುಕ್ಕಿ ಬಿಟ್ಟರೆ ಮೇಲೆ ಏನೂ ಉಳಿದಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಅವಳು ಗಂಡನನ್ನು ಮಾಳಿಗೆಗೆ ಹತ್ತಿಸಿ ಆ ದುರ್ಬೀನಿಗೆ ಕಣ್ಣಿಡಿಸಿದ್ದಳು. ಚಂದ್ರ ಅವನಿಗೆ ಕಂಡಿದ್ದ. ಚುಕ್ಕಿ ಒಂದೂ ಕಾಣಲಿಲ್ಲ. ಪಾಪ, ಹೊಸ ಹೆಂಡತಿಯ ಉತ್ಸಾಹ ಕೆಡಿಸಬಾರದೆಂದು "ಹೂಂ, ಚಂದ ಅದಾವ, ಭಾರಿ ಚಂದ ಅದಾವ" ಎಂದು ಎರಡು ದಿನ ತಲೆಯಾಡಿಸಿ, ಮೂರನೆಯ ದಿನ ನಿಜ ಹೇಳಿದ. ಕನ್ನಡಿಗಳು ಬಂದ ಮೇಲೆ ಅವಳು ಆಕಾಶ ನೋಡಿ ನಿಟ್ಟುಸಿರು ಬಿಟ್ಟರೆ ಅವನು ಕೀಟಲೆ ಮಾಡುತ್ತಿದ್ದ: "ಈಗ ನೋಡು, ನಾವಿಬ್ರೂ ಸಮ ಆದ್ವಿ."

ಆ ಕೀಟಲೆ ನಿಂತದ್ದು ಕಳೆದ ದಸರೆಯಲ್ಲಿ. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಹಗಲಿನ ನೋಟವೂ ಸುತ್ತಲಿಂದ ಕಿರಿದಾಗುತ್ತಿದೆ ಎಂದರು. ಇಂದು ಬಳೆಯೊಳಗಿಂದ ನೋಡಿದಂತಿದ್ದದ್ದು ನಾಳೆ ಉಂಗುರದೊಳಗಿಂದ ನೋಡಿದಂತಾಗುತ್ತದೆ. ಎಷ್ಟು ದಿನ ಉಳಿಯುತ್ತದೆ ಎಂದು ಹೇಳಲಾಗದು. ವಾಪಸು ಬರುವಾಗ ಬಸ್ಸಿನಲ್ಲಿ, ಅಣ್ಣಿಗೇರಿ ದಾಟಿದ ಮೇಲೆ ಈರಸಂಗಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ.

"ಒಂದಾದ್ರೂ ಚುಕ್ಕಿ ನೋಡಿಬಿಡಬೇಕಿತ್ತು, ನೀಲಾ."

ನೀಲಾಂಬಿಕಾ ಅವನ ಕೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ದಾರಿ ಇದೆ ಎಂಬುದು ಅವಳಿಗೆ ಆಗಲೇ ಹೊಳೆದಿತ್ತು. ದುರ್ಬೀನಿನಲ್ಲಿ ಕಣ್ಣಿಡುವ ಜಾಗಕ್ಕೆ ಕ್ಯಾಮೆರಾ ಕೂಡಿಸಿದರೆ ಅದು ಕೆಲವೇ ಸೆಕೆಂಡಿಗೊಂದು ಚಿತ್ರ ಹಿಡಿಯುತ್ತದೆ. ಕಂಪ್ಯೂಟರು ಆ ಚಿತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಕೂಡಿಸುತ್ತ ಹೋಗುತ್ತದೆ. ಒಂದರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಮಸುಕಾಗಿದ್ದದ್ದು ನೂರು ಕೂಡಿದಾಗ ಎದ್ದು ಬರುತ್ತದೆ. ಅದನ್ನು ಪರದೆಯ ಮೇಲೆ ಎಷ್ಟು ಬೇಕಾದರೂ ಬೆಳಗಿಸಿ ತೋರಿಸಬಹುದು, ಇರುಳುಗಣ್ಣಿನವನಿಗೂ ಕಾಣುವಷ್ಟು. ದುರ್ಬೀನು ಇತ್ತು. ಬೇಕಾದದ್ದು ಒಂದು ಕ್ಯಾಮೆರಾ.

ಯಾವ ಕ್ಯಾಮೆರಾ ಎನ್ನುವಲ್ಲಿ ಅವಳು ಸಿಕ್ಕಿಬಿದ್ದಳು. ಮಾರುವವರು ನೂರೆಂಟು, ಹೊಗಳುವವರು ಸಾವಿರ. ಕೊನೆಗೆ ನಿಯಂತ್ರಣ ಕೊಠಡಿಯಲ್ಲಿ ಹಸೀನಾ ಮುಲ್ಲಾಳನ್ನು ಕೇಳಿದಳು. ಹಸೀನಾ ಅಲ್ಲಿ ಕನ್ನಡಿಗಳ ಜಾಡು ಹಿಡಿಯುವ ಕ್ಯಾಮೆರಾಗಳ ಉಸ್ತುವಾರಿ. ಗೋಡೆ ತುಂಬ ಪರದೆಗಳು. ಒಂದೊಂದರಲ್ಲೂ ಒಂದೊಂದು ಕನ್ನಡಿ ಬಿಳಿ ಚುಕ್ಕೆಯಾಗಿ ತೆವಳುತ್ತಿತ್ತು.

"ಅಕ್ಕಾ, ಮೊದ್ಲ ಕ್ಯಾಮೆರಾ ಕೇಳಬ್ಯಾಡ್ರಿ. ನಿಮ್ಮ ದುರ್ಬೀನು ಎಷ್ಟುದ್ದ ಐತಿ ಹೇಳ್ರಿ," ಎಂದಳು ಹಸೀನಾ.

ನೀಲಾಂಬಿಕಾ ಕೈಯಳತೆ ತೋರಿಸಿದಳು.

"ಗಿಡ್ಡ ಐತಿ, ಚಲೋ ಆತು. ಕ್ಯಾಮೆರಾದೊಳಗ ಬೆಳಕು ಹಿಡಿಯೋ ಸಣ್ಣ ಸಣ್ಣ ಚೌಕ ಇರ್ತಾವಲ್ಲ, ಅವು ಬಾಳ ದೊಡ್ಡವಿದ್ರ ಇಂಥಾ ದುರ್ಬೀನಿಗೆ ಚುಕ್ಕಿ ಚೌಕಾಕಾರ ಕಾಣ್ತಾವ. ಬಾಳ ಸಣ್ಣವಿದ್ರ ಒಂದೊಂದಕ್ಕ ಬೆಳಕು ಸಾಲೂದಿಲ್ಲ. ನಡಬರಕಿದ್ದು ತಗೋರಿ."

"ತಣ್ಣಗಿಡೋ ಯಂತ್ರ ಇರೋವೂ ಅದಾವಂತಲ್ಲ?"

"ತಾಸುಗಟ್ಟಲೆ ಒಂದ ಚಿತ್ರ ಹಿಡಿಯೋರಿಗೆ ಅದು. ನೀವು ಹಿಡಿಯೋದು ಚೂರು ಚೂರು. ಮೊದಲ್ನೇ ಕ್ಯಾಮೆರಾಕ್ಕ ಆ ಭಾರ, ಆ ವೈರು ಯಾಕ? ನೋಡೋದು ಒಂದ: ಬೆಳಕು ಎಣಿಸುವಾಗ ಅದು ತನ್ನದ ಗದ್ದಲ, ಅಂದ್ರ ಇಲ್ಲದ ಕಾಳುಕಾಳು, ಎಷ್ಟು ಸೇರಸ್ತೈತಿ ಅಂತ. ಚೂರು ಚೂರು ಕೂಡಸಬೇಕಂದ್ರ ಗದ್ದಲ ಕಡಿಮಿ ಇರಬೇಕು. ಇಲ್ಲಂದ್ರ ನೂರು ಗದ್ದಲನೂ ಕೂಡತಾವ." ಹಸೀನಾ ಡ್ರಾವರಿನಿಂದ ಅಂಗೈಯಲ್ಲಿ ಹಿಡಿಸುವ ಒಂದು ಕರಿಯ ಡಬ್ಬಿ ತೆಗೆದಳು. "ಇಂಥಾದ್ದು ಸಾಕು. ಚಿತ್ರ ಮಾತ್ರ ಬಾಳ ಬಣ್ಣಬಣ್ಣದ್ದು ಬರೂದಿಲ್ಲ, ಮೊದ್ಲ ಹೇಳತೀನಿ."

ಆ ಕೊನೆಯ ಮಾತು ನೀಲಾಂಬಿಕಾಗೆ ಹಿಡಿಸಲಿಲ್ಲ. ಜೀವಮಾನದಲ್ಲಿ ಒಮ್ಮೆ ನೋಡುವವನಿಗೆ ಮಂಕು ಚಿತ್ರವನ್ನೇ ತೋರಿಸಬೇಕೇ? ಮುಂದಿನ ರಜೆಯ ದಿನ ಹುಬ್ಬಳ್ಳಿಗೆ ಹೋದಳು. ಅಲ್ಲಿಯ ಅಂಗಡಿಯವನು ಆಗಿನ್ನೂ ಹೊಸದಾಗಿ ಬಂದಿದ್ದ ಕ್ಯಾಮೆರಾವೊಂದನ್ನು ತೋರಿಸಿದ. ಅದಕ್ಕೆ ಏನೋ ಉದ್ದನೆಯ ಹೆಸರಿತ್ತು. ಜನ ಕರೆಯುತ್ತಿದ್ದದ್ದು 'ಬಲ್ಲ ಕ್ಯಾಮೆರಾ' ಎಂದು. ಎತ್ತ ತಿರುಗಿಸಿದರೂ ಅತ್ತ ಏನಿದೆ ಎಂದು ಅದಕ್ಕೆ ಗೊತ್ತಂತೆ.

"ಕನ್ನಡಿ ಬೆಳಕಿರ್ಲಿ, ಧೂಳಿರ್ಲಿ, ಮೋಡನ ಇರ್ಲಿ, ಚಿಂತಿ ಇಲ್ರಿ ಮೇಡಂ. ತೋರಸೇ ತೋರಸ್ತೈತಿ," ಎಂದ ಅಂಗಡಿಯವನು.

ಮೋಡವಿದ್ದರೂ ತೋರಿಸುವುದು ಹೇಗೆಂದು ಕೇಳಬೇಕಾದದ್ದು ಎಂಜಿನಿಯರ್ ಬುದ್ಧಿ. ಆದರೆ ಅಂದು ಅಂಗಡಿಗೆ ಹೋಗಿದ್ದವಳು ಎಂಜಿನಿಯರ್ ಅಲ್ಲ, ಈರಸಂಗಪ್ಪನ ಹೆಂಡತಿ. ಒಂದು ವಾರ ನೋಡಿ ಬೇಡವೆಂದರೆ ಮರಳಿಸುವ ಮಾತಿನ ಮೇಲೆ ಅದನ್ನು ಮನೆಗೆ ತಂದಳು.

ಅಂದು ಸಂಜೆ ಚಾ ಕುಡಿದು ಇಬ್ಬರೂ ಮಾಳಿಗೆ ಹತ್ತಿದರು. ಪೂರ್ವದಲ್ಲಿ ಮಹಾವ್ಯಾಧ ನಕ್ಷತ್ರಪುಂಜ ಏರಿತ್ತು. ಹಳಬರು ಮೃಗಶಿರದ ಚುಕ್ಕಿಗಳೆಂದು ತೋರಿಸುತ್ತಿದ್ದ ಆ ದಿಕ್ಕಿನಲ್ಲಿ ಈಗ ಮಜ್ಜಿಗೆ ಬಣ್ಣದ ಬೆಳಕು ಮಾತ್ರ. ನೀಲಾಂಬಿಕಾ ದುರ್ಬೀನನ್ನು ಅತ್ತ ತಿರುಗಿಸಿ, ಪರದೆಯನ್ನು ಗಂಡನ ಮುಂದಿಟ್ಟು ಗುಂಡಿ ಒತ್ತಿದಳು. ಉಸಿರು ಬಿಡುವಷ್ಟರಲ್ಲಿ ಮಹಾವ್ಯಾಧನ ನೀಹಾರಿಕೆ ಪರದೆ ತುಂಬ ಹರಡಿತು. ಕುಂಕುಮ, ನೀಲಿ, ನಡುವೆ ಬಿಳಿಯ ಚುಕ್ಕಿಗಳು.

ಈರಸಂಗಪ್ಪ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನೀಲಾ, ಕೆಂಪು ಐತಲ್ಲ! ಚುಕ್ಕಿ ನಡುವ ಕೆಂಪು ಇರ್ತೈತಿ ಅಂತ ನನಗ ಯಾರೂ ಹೇಳೇ ಇಲ್ಲ!" ಎಂದು ಅತ್ತ. ಅವಳೂ ಅತ್ತಳು. ಚುಕ್ಕಿ ಹುಟ್ಟುವ ಜಾಗ ಅದು, ಈಗ ಕಾಣುವ ಬೆಳಕು ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದಾಗ ಅಲ್ಲಿಂದ ಹೊರಟದ್ದು ಎಂದು ಹೇಳಿದಳು. ಅವನು ಅದನ್ನು ಮತ್ತೆ ಮತ್ತೆ ಹೇಳಿಸಿಕೊಂಡ. ಗಂಡನ ಮುಖ ಅಷ್ಟು ಬೆಳಗಿದ್ದನ್ನು ಅವಳು ಎಂದೂ ನೋಡಿರಲಿಲ್ಲ.

ಮರುದಿನ ಸಂಜೆ ಅವಳು ಕರೆಯುವ ಮೊದಲೇ ಅವನು ಮಾಳಿಗೆಯ ಮೆಟ್ಟಿಲಲ್ಲಿದ್ದ. ಅವಳು ಗುಂಡಿ ಒತ್ತಿದಳು, ನೀಹಾರಿಕೆ ಬಂತು, ಅವನು ತಣಿಯುವಷ್ಟು ನೋಡಿದ. ಆಮೇಲೆ, ಇಷ್ಟು ಉಪಕಾರ ಮಾಡಿದ ದುರ್ಬೀನನ್ನು ಒಮ್ಮೆ ಮುಟ್ಟಬೇಕೆನಿಸಿತು. ಮಬ್ಬಿನಲ್ಲಿ ಅವನ ಕಣ್ಣಿಗಿಂತ ಕೈಗೇ ಹೆಚ್ಚು ಕಾಣುತ್ತಿತ್ತು. ಕ್ಯಾಮೆರಾದಿಂದ ಶುರುಮಾಡಿ ಕೊಳವೆಯುದ್ದಕ್ಕೂ ಪ್ರೀತಿಯಿಂದ ಸವರುತ್ತ ಹೋದ. ಮೇಲಿನ ತುದಿ ಮುಟ್ಟಿ ಕೈ ನಿಂತಿತು.

"ನೀಲಾ, ಇದರ ಬಾಯಿಗೆ ಮುಚ್ಚಳ ಯಾಕ ಹಾಕೀದಿ?"

ನೀಲಾಂಬಿಕಾ ನೋಡಿದಳು. ಮುಚ್ಚಳ ಇತ್ತು. ಗದಗಿನ ಕೆಂಧೂಳಿಗೆ ಹೆದರಿ, ಕೇಂದ್ರದಲ್ಲಿ ಪಾಳಿ ಮುಗಿದ ಕೂಡಲೇ ಎಲ್ಲ ಉಪಕರಣಗಳ ಬಾಯಿ ಮುಚ್ಚುವುದು ಅವರ ನಿಯಮ. ಆ ಕೈರೂಢಿಯಲ್ಲೇ ಮುಚ್ಚಿದ್ದಳು, ತೆಗೆಯುವುದನ್ನು ಮರೆತಿದ್ದಳು. ಪರದೆಯ ಮೇಲೆ ನೀಹಾರಿಕೆ ಮಾತ್ರ ಏನೂ ಆಗಿಲ್ಲವೆಂಬಂತೆ ಕುಂಕುಮ ಚೆಲ್ಲಿಕೊಂಡು ಕೂತಿತ್ತು.

ಅವಳಿಗೆ ಆಗ ತಿಳಿಯಿತು. ಬಲ್ಲ ಕ್ಯಾಮೆರಾಕ್ಕೆ ನೋಡುವ ಗರಜೇ ಇರಲಿಲ್ಲ. ಯಾವ ಊರು, ಯಾವ ಹೊತ್ತು, ಯಾವ ದಿಕ್ಕು ಎಂದು ಗೊತ್ತಾದರೆ ಸಾಕು, ಅಲ್ಲಿ ಏನಿರಬೇಕೋ ಅದನ್ನು ತನ್ನ ಹೊಟ್ಟೆಯೊಳಗಿನ ಪಟದಿಂದ ತೆಗೆದು ತೋರಿಸುತ್ತಿತ್ತು. ಬಂದ ಬೆಳಕಿಗೆ ಕಡಿಮೆ ಬಿದ್ದದ್ದನ್ನು ತುಂಬಿಕೊಡುವುದು ಅದರ ಜಾಣತನ. ಬೆಳಕು ಬರದೇ ಇದ್ದರೆ ಎಲ್ಲವನ್ನೂ ತುಂಬಿಕೊಡುತ್ತಿತ್ತು.

"ನಿನ್ನಿ ಮುಚ್ಚಳ ತಗದಿದ್ಯಾ?" ಎಂದು ಈರಸಂಗಪ್ಪ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ನೆನಪಿಲ್ರಿ," ಎಂದಳು ನೀಲಾಂಬಿಕಾ. ಅಳು ತಡೆಯಲಾಗಲಿಲ್ಲ. "ನಾ ನಿಮಗ ಮೋಸ ಮಾಡಿದಂಗಾತು."

ಅವನು ತಡಕಾಡಿ ಕುರ್ಚಿ ಹಿಡಿದು ಕೂತ. ಆಮೇಲೆ ಹೇಳಿದ: "ನೋಡು, ಮದಿವಿ ಗ್ರೂಪ್ ಫೋಟೋದಾಗ ತೀರಿಹೋದ ಅಜ್ಜನ್ನ ಕೂಡಸಿ ಕೊಡ್ರಿ ಅಂತ ಮಂದಿ ಬರ್ತಾರ. ನಾ ಕೂಡಸಿ ಕೊಡ್ತೀನಿ. ಜರತಾರಿ ರುಮಾಲು ಸುತ್ತಿ, ಮದುಮಗನ ಬಾಜೂಕ ನಿಂದ್ರಸ್ತೀನಿ. ಅದು ಪ್ರೀತಿ, ಅದರಾಗ ತಪ್ಪಿಲ್ಲ. ಆದ್ರ ಅಜ್ಜ ಮದಿವಿಗೆ ಬಂದಿದ್ದ ಅಂತ ನಾ ಯಾರಿಗೂ ಹೇಳಿಲ್ಲ." ಪರದೆಯನ್ನು ಅವಳ ಕಡೆ ತಳ್ಳಿದ. "ನನಗ ಚುಕ್ಕಿ ಫೋಟೋ ಬ್ಯಾಡ ನೀಲಾ. ಅದನ್ನ ಹಗಲಿನ್ಯಾಗ ಪುಸ್ತಕದಾಗ ನೋಡೀನಿ. ಚುಕ್ಕಿ ಬೇಕು ನನಗ. ಮಂಕಿದ್ರೂ ನಡೀತೈತಿ."

ನೀಲಾಂಬಿಕಾ ಈ ಮನುಷ್ಯನೊಡನೆ ಮೂವತ್ತು ವರ್ಷ ಬಾಳಿದ್ದಳು. ಅವನ ಮೇಲೆ ಅವಳಿಗೆ ಪ್ರೀತಿ ಇದ್ದೇ ಇತ್ತು. ಅಂದು ಅದಕ್ಕೆ ಗೌರವವೂ ಸೇರಿತು. ಕಣ್ಣಿನ ಬೆಳಕು ಆರುತ್ತಿರುವ ಹೊತ್ತಿನಲ್ಲೂ ಚಂದದ ಸುಳ್ಳು ಒಲ್ಲೆ ಎನ್ನುವುದು ಸಣ್ಣ ಮಾತಲ್ಲ.

ಮರುದಿನ ಕೊಠಡಿಯಲ್ಲಿ ಹಸೀನಾಳ ಎದುರು ನಿಂತು ಹೇಳಿದಳು: "ನನಗ ಏನೂ ಗೊತ್ತಿಲ್ಲದ ಕ್ಯಾಮೆರಾ ಬೇಕು."

ಹಸೀನಾ ಎಲ್ಲ ಕೇಳಿ, ನಗಬಾರದೆಂದು ತುಟಿ ಕಚ್ಚಿಕೊಂಡು, ಕೊನೆಗೆ ನಕ್ಕೇಬಿಟ್ಟಳು. ಆಮೇಲೆ ಡ್ರಾವರಿನ ಕರಿಯ ಡಬ್ಬಿಯಂಥದ್ದೇ ಒಂದನ್ನು ತರಿಸಿಕೊಟ್ಟಳು. ಜೊತೆಗೆ ಉಗುರಿನಗಲದ ಒಂದು ಬಣ್ಣದ ಗಾಜು. "ಇದನ್ನ ಕ್ಯಾಮೆರಾ ಮುಂದ ಹಾಕ್ರಿ. ಕನ್ನಡಿಯಿಂದ ಬರೋದು ಬಿಸಿಲು, ಅದರಾಗ ಎಲ್ಲಾ ಬಣ್ಣ ಐತಿ. ನೀಹಾರಿಕಿಯಿಂದ ಬರೋದು ಎರಡ-ಮೂರು ಬಣ್ಣ ಅಷ್ಟ. ಈ ಗಾಜು ಅವನ್ನಷ್ಟ ಒಳಗ ಬಿಡ್ತೈತಿ. ಬಿಸಿಲು ಮುಕ್ಕಾಲು ಹೊರಗ ಉಳೀತೈತಿ."

ಅಂದು ಪಾಳಿ ಮುಗಿಯುವ ಮೊದಲು ನೀಲಾಂಬಿಕಾಳ ಕಣ್ಣು ಗದಗಿನ ಮೇಲಿನ ಕನ್ನಡಿಯ ಪರದೆಯ ಮೇಲೆ ನಿಂತಿತು. ಅದನ್ನು ಕೂದಲೆಳೆಯಷ್ಟು ವಾಲಿಸಿದರೆ ಸಾಕು, ಊರ ಮೇಲಿನ ಸೋರುಬೆಳಕು ಪೂರ್ತಿ ಆಚೆಗೆ ಸರಿಯುತ್ತಿತ್ತು. ಅರ್ಧ ತಾಸಿನ ಕತ್ತಲೆ. ಯಾರು ಮಾಡಿದ್ದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆಯನ್ನು ಮನೆಗೆ ಹೊತ್ತುಕೊಂಡು ಹೋಗಿ ಗಂಡನ ಮುಂದಿಟ್ಟಳು.

ಈರಸಂಗಪ್ಪ ರೊಟ್ಟಿ ಮುರಿಯುತ್ತ ಕೂತಿದ್ದ. "ಕತ್ತಲ ಮಾಡಿದ್ರ ನಾ ಮಾಳಿಗಿ ಹತ್ತೂದು ಹೆಂಗ?" ಎಂದ. "ಮತ್ತ ನಿನ್ನ ತೋಳು ಹಿಡಕೊಂಡು ಹತ್ತಬೇಕಾಗ್ತೈತಿ. ಸಂತ್ಯಾಗಿರೋ ಮಂದಿ, ಆಡೋ ಹುಡುಗ್ರು, ಅವ್ರೆಲ್ಲಾ ಏನ್ ಮಾಡ್ಬೇಕು? ಅದೆಲ್ಲಾ ಬ್ಯಾಡ. ಇದ್ದ ಬೆಳಕಿನಾಗ ಏನ್ ಸಿಗ್ತೈತೋ ಅದು ಸಿಗ್ಲಿ."

ಬಲ್ಲ ಕ್ಯಾಮೆರಾ ಹುಬ್ಬಳ್ಳಿಗೆ ವಾಪಸು ಹೋಯಿತು. ಗಾಳಿಯಲ್ಲಿ ಧೂಳಿಲ್ಲದ ಒಂದು ಸಂಜೆ ನೋಡಿ ಇಬ್ಬರೂ ಮತ್ತೆ ಮೇಲೆ ಬಂದರು. ಈ ಸಲ ಮುಚ್ಚಳ ತೆಗೆದವನು ಈರಸಂಗಪ್ಪ. ತೆಗೆದು, ಅಂಗಿಯ ಕಿಸೆಗೆ ಹಾಕಿಕೊಂಡು, ಮೇಲಿನಿಂದ ಎರಡು ಸಲ ತಟ್ಟಿ ನೋಡಿಕೊಂಡ.

ಮೊದಲ ಚಿತ್ರ ಬಂತು. ಬರೀ ಬೂದು. ಮರಳು ಚೆಲ್ಲಿದಂಥ ಕಾಳುಕಾಳು, ಅದರ ನಡುವೆ ನಾಲ್ಕೈದು ಮಬ್ಬು ಚುಕ್ಕೆ. ಎರಡನೆಯದು ಅದರ ಮೇಲೆ ಕೂತಿತು, ಆಮೇಲೆ ಮೂರನೆಯದು. ಹತ್ತಿಪ್ಪತ್ತು ಕೂಡುವಷ್ಟರಲ್ಲಿ ಮರಳು ನಯವಾಗತೊಡಗಿತು. ಅವಳು ಗುಂಡಿ ತಿರುವಿ ಬೂದು ಬೆಳಕನ್ನು ಕಳೆದಳು. ಚುಕ್ಕೆಗಳ ಸುತ್ತ ಏನೋ ಒಂದು ಕಲೆ. ಕಲೆಗೆ ಅಂಚು ಬಂತು. ಅಂಚಿಗೆ ಎರಡು ರೆಕ್ಕೆ ಬಂದವು. ಕುಂಕುಮವಿಲ್ಲ, ವೈಭವವಿಲ್ಲ, ತೊಳೆದು ತೊಳೆದು ಮಾಸಿದ ಸೀರೆಯ ಅಂಚಿನಂಥ ಕೆಂಪು.

ಈರಸಂಗಪ್ಪ ತನ್ನ ಬಳೆಯಗಲದ ನೋಟವನ್ನು ಪರದೆಯ ಮೇಲೆ ಮೆಲ್ಲಗೆ ಆಡಿಸಿದ.

"ನಮ್ಮಪ್ಪ ಕೆಂಪು ಲೈಟಿನ ಕೋಣ್ಯಾಗ ಫೋಟೋ ತೊಳೀತಿದ್ದ," ಎಂದ. "ಬಿಳಿ ಕಾಗದ ಔಷಧದಾಗ ಮುಳುಗಸಿದ್ರ ಮುಖ ತಾನ ಮ್ಯಾಲೆ ಬರ್ತೈತಿ ನೋಡು, ನೋಡು ಅಂತಿದ್ದ. ಆ ಲೈಟಿನಾಗ ನನಗ ಕಾಗದನ ಕಾಣ್ತಿದ್ದಿಲ್ಲ. ಬಂತಪ್ಪಾ ಬಂತು ಅಂತಿದ್ದೆ." ಅವನು ಪರದೆಯನ್ನು ಬೆರಳಿಂದ ಮುಟ್ಟಿದ. "ಹಿಂಗ ಬರ್ತಿತ್ತೇನೋ."

ಕೆಳಗೆ ಓಣಿಯಲ್ಲಿ ಹುಡುಗರ ಗದ್ದಲ, ಪಕ್ಕದ ಮನೆಯ ಒಗ್ಗರಣೆಯ ವಾಸನೆ. ನೀಲಾಂಬಿಕಾ ಗಂಡನ ಮುಖವನ್ನೇ ನೋಡುತ್ತಿದ್ದಳು. ಅದರಲ್ಲಿ ಮೊದಲ ದಿನದ ಬೆಳಕು ಇರಲಿಲ್ಲ. ಕಣ್ಣು ಕಿರಿದು ಮಾಡಿ, ಹುಬ್ಬು ಗಂಟು ಹಾಕಿಕೊಂಡು ನೋಡುತ್ತಿದ್ದ. ಅವಳಿಗೆ ಹೆದರಿಕೆಯಾಯಿತು.

"ಯಾಕ್ರಿ? ಸಾಲ್ಲಿಲ್ಲೇನು?"

"ಇದು ಬಂದದ್ದೋ, ತುಂಬಿದ್ದೋ?" ಎಂದ ಅವನು. "ನಿನ್ನ ಮ್ಯಾಲೆ ಅಪನಂಬಿಕಿ ಅಲ್ಲ. ಒಮ್ಮೆ ಅತ್ತುಬಿಟ್ಟೀನಲ್ಲ, ಎರಡನೇ ಸಲ ಸುಮ್ಮಸುಮ್ನ ಅಳಾಕ ಮನಸ್ಸಿಲ್ಲ."

ನೀಲಾಂಬಿಕಾ ತುಸು ಯೋಚಿಸಿ, ಕೂಡಿಸುವುದನ್ನು ನಿಲ್ಲಿಸಿದಳು. ಈಗ ಪರದೆಯ ಮೇಲೆ ಆ ಕ್ಷಣದ ಒಂದೊಂದೇ ಚಿತ್ರ ಬಂದು ಹೋಗುತ್ತಿತ್ತು. ಬೂದು, ಮರಳು, ಒತ್ತಾಗಿ ಕೂತ ನಾಲ್ಕೈದು ಚುಕ್ಕೆ. "ಏಳ್ರಿ. ದುರ್ಬೀನಿನ ಬಾಯಿಗೆ ಕೈ ಅಡ್ಡ ಹಿಡೀರಿ," ಎಂದಳು.

ಅವನು ಎದ್ದು, ಕೊಳವೆಯನ್ನು ಸವರುತ್ತ ಹೋಗಿ, ತುದಿಗೆ ಅಂಗೈ ಇಟ್ಟ. ಮುಂದಿನ ಚಿತ್ರದಲ್ಲಿ ಚುಕ್ಕೆಗಳಿರಲಿಲ್ಲ. ಪರದೆ ಕಪ್ಪಾಗಿತ್ತು.

ಕೈ ತೆಗೆದ. ಚುಕ್ಕೆಗಳು ಬಂದವು.

ಮತ್ತೆ ಇಟ್ಟ. ಹೋದವು. ತೆಗೆದ. ಬಂದವು. ಹೀಗೆ ನಾಲ್ಕೈದು ಸಲ ಮಾಡಿದ. ಹೆಂಡತಿಯನ್ನು ಕೇಳದೆ, ಪರದೆಯನ್ನೂ ನೋಡದೆ ಮತ್ತೊಮ್ಮೆ ಅಂಗೈ ಇಟ್ಟ. ಈ ಸಲ ಅವನು ನೋಡುತ್ತಿದ್ದದ್ದು ತನ್ನ ಕೈಯನ್ನು.

"ನೀಲಾ, ಬಾದಾಮ್ಯಾಗ ಚಾಲುಕ್ಯರು ಇದ್ದಾಗ ಹೊರಟ ಬೆಳಕು ಅಂದ್ಯಲ್ಲ?"

"ಹೌದ್ರಿ."

"ಹಂಗಾರ ಅಲ್ಲಿಂದ ಇಲ್ಲೀತನ ಬಂದು, ಈಗ ನನ್ನ ಕೈ ಮ್ಯಾಲೆ ಬೀಳಾಕತ್ತೈತಿ."

"ಹೌದ್ರಿ. ನಿಮ್ಮ ಕೈ ಮ್ಯಾಲೇ ಬೀಳಾಕತ್ತೈತಿ."

ಪರದೆಯ ಮೇಲೆ ಕರಿಯ ಚಿತ್ರಗಳು ಒಂದಾದ ಮೇಲೊಂದು ಬರುತ್ತಲೇ ಇದ್ದವು. ಚಿತ್ರ ಹಾಳಾಗುತ್ತದೆ, ಕೈ ತೆಗೆಯಿರಿ ಎಂದು ಹೇಳಲು ನೀಲಾಂಬಿಕಾ ಬಾಯಿ ತೆರೆದವಳು ಅವನ ಮುಖ ನೋಡಿ ಸುಮ್ಮನಾದಳು. ಈರಸಂಗಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು. ಅಂಗೈಯನ್ನು ಇನ್ನಷ್ಟು ಅಗಲ ಮಾಡಿದ.

"ತಡಿ ನೀಲಾ," ಎಂದ. "ಇನ್ನೊಂದೀಟು ಬೀಳ್ಲಿ."